ಹಳದಿ ತೋಟಕ್ಕೆ ಯಾರ ಜಾಮೀನು?

ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಕಾರ್ಯದರ್ಶಿಯವರು ನನ್ನನ್ನು ಎದುರಿಗೆ ಕೂರಿಸಿಕೊಂಡೇ ಸಾಲದ ಅರ್ಜಿ ನೋಡುತ್ತಿದ್ದರು. ಅಡಿಕೆಗೆ ಹಳದಿ ಎಲೆ ರೋಗ ಬಡಿದ ಊರು. ಮದ್ದಿಲ್ಲದ ರೋಗ. ಈಡು ಕೊಟ್ಟ ತೋಟವೇ ವರ್ಷ ವರ್ಷ ಸೊರಗುತ್ತಿರುವಾಗ ಸಾಲ ಕೊಡುವುದು ಹೇಗೆ?

"ತೋಟ ನೋಡಿ ಕೊಡುದಾದ್ರೆ ಇಲ್ಲಿ ಯಾರಿಗೂ ಕೊಡ್ಲಿಕ್ಕಿಲ್ಲ. ಜಾಮೀನು ಹಾಕಿದ್ದು ಯಾರು ಅಂತ ನೋಡುದು."

ಹಾಕಿದವರು ನೆರೆಮನೆಯವರು, ಅವರ ತೋಟವೂ ಹಳದಿಯೇ!

ಮೇಜಿನ ಮೇಲೆ ಯಾವುದೋ ತರಬೇತಿಯ ಕರಪತ್ರ ಬಿದ್ದಿತ್ತು: ನಾಯಕತ್ವಕ್ಕೆ ಆಧ್ಯಾತ್ಮಿಕ ಬುದ್ಧಿಮತ್ತೆ. 1997ರಲ್ಲಿ ಲೇಖಕಿ ಡಾನಾ ಜೋಹರ್ ಮ್ಯಾನೇಜ್‌ಮೆಂಟ್ ಲೋಕಕ್ಕೆ ಕೊಟ್ಟ ಈ ಮಾತು ಈಗ ಸರ್ಕಾರಿ ನೌಕರರ ಶಿಬಿರಗಳಿಗೂ ಬಂದಿದೆ. ಕಣ್ಣು ಮುಚ್ಚಿ ಉಸಿರು ಎಣಿಸಿದರೆ ಕಡತ ಬೇಗ ಸಾಗುತ್ತದೆಂದು ನನಗಂತೂ ನಂಬಿಕೆಯಿಲ್ಲ.

ನನ್ನ ತಲೆ ಹೊಕ್ಕದ್ದು ಬೇರೆ. 1904ರ ಸಹಕಾರಿ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನೂ ತನ್ನ ಸ್ವಂತ ಆಸ್ತಿಯಿಂದ ಎಲ್ಲರ ಸಾಲಕ್ಕೆ ಉತ್ತರ ಹೇಳಬೇಕು. ಜರ್ಮನಿಯ ರೈಫೈಸನ್‌ ಮಾದರಿ ಇದು. ಇನ್ನೊಬ್ಬನ ಸಾಲ ನನ್ನದೂ ಹೌದು ಎಂದು ಬರೆದುಕೊಟ್ಟು ಸದಸ್ಯನಾಗುವುದು! ಇದಕ್ಕಿಂತ ಕಠಿಣವಾದ ವ್ರತ ಯಾವ ಮಠದಲ್ಲಿದೆ? ಅಷ್ಟು ಹೊತ್ತವನು ಪಕ್ಕದವನು ಕುಡಿಯುತ್ತಾನೋ, ದುಡಿಯುತ್ತಾನೋ ಎಂದು ಇಣುಕಿಯೂ ನೋಡುತ್ತಾನೆ, ಅದು ಬೇರೆ ಮಾತು. ಇಂದು ಹೊಣೆ ಸೀಮಿತ. ಜಾಮೀನಿನ ಸಹಿಯಲ್ಲಿ ಮಾತ್ರ ಹಳೆಯದರ ಒಂದು ತುಣುಕು ಉಳಿದಿದೆ.

ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ 1909ರಲ್ಲಿ ಸಹಕಾರಿ ಸಂಘ ಕಟ್ಟಿದ್ದು ಆ ಕಾಯ್ದೆಯಡಿ. 1912ರ ಕಾಯ್ದೆ ಕೇಂದ್ರ ಸಹಕಾರಿ ಬ್ಯಾಂಕುಗಳಿಗೆ ದಾರಿ ತೆರೆಯಿತು. 1914ರಲ್ಲಿ ಜಿಲ್ಲೆಯ ಕೇಂದ್ರ ಬ್ಯಾಂಕ್ ಹುಟ್ಟಿತು, ಅದೂ ಮಂಗಳೂರಿನಲ್ಲಲ್ಲ, ಪುತ್ತೂರಿನಲ್ಲಿ. ರೈಲು, ಬಂದರು, ಕಚೇರಿ ಎಲ್ಲ ಅತ್ತ, ಬ್ಯಾಂಕ್ ಇತ್ತ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದಾಗಲೂ, ಮುಂದೆ ಕೊಕ್ಕೊ ಕೊಳ್ಳುವವರಿಲ್ಲದಾಗ ಪುತ್ತೂರಿಗೆ ಚಾಕೊಲೇಟ್ ಕಾರ್ಖಾನೆ ಬಂದಾಗಲೂ ಬೆನ್ನಿಗಿದ್ದದ್ದು ಇದೇ ಸೊಸೈಟಿ ಬುದ್ಧಿ.

ಸೊಸೈಟಿ ಸರ್ಕಾರದ್ದಲ್ಲ, ನೌಕರರ ಶಿಬಿರದ ಮಾತು ಇಲ್ಲಿಗೇಕೆ ಎನ್ನಬಹುದು. ಆದರೆ ಸರ್ಕಾರದ ಶೂನ್ಯ ಬಡ್ಡಿಯ ಬೆಳೆಸಾಲ ಸುಳ್ಯ, ಕಡಬದ ರೈತನ ಕೈಸೇರುವುದು ಈ ಕಿಟಕಿಯಿಂದಲೇ.

ಕಾರ್ಯದರ್ಶಿಯವರು ಅರ್ಜಿಯನ್ನು ಆಡಳಿತ ಮಂಡಳಿಯ ಮುಂದಿಡಲು ಬರೆದರು. ತರಬೇತಿಗೆ ಹೋಗುತ್ತೀರಾ ಎಂದು ಕೇಳಿದೆ. "ಆಡಿಟ್ ಉಂಟು ಮಾರಾಯ್ರೆ," ಎಂದರು.