ಒಂದು ಸೆಲ್, ಹಲವು ಕೋಣೆ

“ಟಾರ್ಚಿಗೆ ಎರಡು ಸೆಲ್ ತೆಗೆದುಕೊಂಡು ಬಾ.” “ಆರೋಪಿಯನ್ನು ಸೆಲ್ಲಿಗೆ ಹಾಕಿದರಂತೆ.” “ನಿಮ್ಮ ಸೆಲ್ ನಂಬರ್ ಕೊಡಿ.” “ರಕ್ತದಲ್ಲಿ ಬಿಳಿ ಸೆಲ್ ಕಡಿಮೆಯಾಗಿದೆಯಂತೆ.” “ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ಲಿನಲ್ಲಿ ವಿಚಾರಿಸು.”

ಈ ಐದೂ ಮಾತುಗಳನ್ನು ಒಂದೇ ಮನೆಯಲ್ಲಿ, ಒಂದೇ ದಿನ ಕೇಳಬಹುದು. ಪದ ಒಂದೇ, ಅದು ಸೂಚಿಸುವ ವಸ್ತುಗಳು ಐದು. ಅಂಗಡಿಯಲ್ಲಿ ಸಿಗುವ ಸೆಲ್ಲಿಗೂ ರಕ್ತದಲ್ಲಿರುವ ಸೆಲ್ಲಿಗೂ ಏನು ಸಂಬಂಧ?

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡ ಮಕ್ಕಳಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ಜೀವಶಾಸ್ತ್ರದ ಪೀರಿಯಡ್ಡಿನಲ್ಲಿ ಒಂದು ಸೆಲ್, ರಸಾಯನಶಾಸ್ತ್ರದಲ್ಲಿ ಇನ್ನೊಂದು, ಹರಳುಗಳ ಪಾಠದಲ್ಲಿ ಮತ್ತೊಂದು, ಕಂಪ್ಯೂಟರ್ ಮುಂದೆ ಕುಳಿತರೆ ಅಲ್ಲಿಯೂ ಒಂದು! ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುತ್ತಾ ಹೋದರೆ ತಲೆ ಭಾರವಾಗುತ್ತದೆ. “ನನಗೆ ವಿಜ್ಞಾನ ಹತ್ತುವುದಿಲ್ಲ” ಎಂದು ಕೈಚೆಲ್ಲುವ ಎಷ್ಟೋ ಮಕ್ಕಳಿಗೆ ವಿಜ್ಞಾನ ಹತ್ತಿರುತ್ತದೆ. ಹತ್ತದೇ ಇರುವುದು ಪದಗಳು ಮಾತ್ರ.

ಮೂಲದಲ್ಲಿ ಒಂದು ಕೋಣೆ

ಲ್ಯಾಟಿನ್ ಭಾಷೆಯಲ್ಲಿ ‘ಸೆಲ್ಲಾ’ ಎಂದರೆ ಚಿಕ್ಕ ಕೋಣೆ, ಉಗ್ರಾಣ. ಮಠದಲ್ಲಿ ಸನ್ಯಾಸಿಯೊಬ್ಬ ಇರುವ ಪುಟ್ಟ ಕೋಣೆಗೆ ಇಂಗ್ಲಿಷಿನಲ್ಲಿ ಸೆಲ್ ಎಂದರು. ನೆಲಮಾಳಿಗೆಗೆ ಹೇಳುವ ‘ಸೆಲ್ಲರ್’ ಕೂಡ ಇದೇ ಬೇರಿನಿಂದ ಬಂದದ್ದು. ಸನ್ಯಾಸಿಯ ಕೋಣೆಯ ಹೆಸರೇ ಮುಂದೆ ಕೈದಿಯ ಕೋಣೆಗೂ ಬಂತು.

ಅಂಡಮಾನಿನ ಸೆಲ್ಯುಲರ್ ಜೈಲಿಗೆ ಆ ಹೆಸರು ಬಂದದ್ದು ಹೀಗೆಯೇ. 1896ರಿಂದ 1906ರವರೆಗೆ ಬ್ರಿಟಿಷರು ಕಟ್ಟಿದ ಆ ಸೆರೆಮನೆಯಲ್ಲಿ ನಡುವೆ ಒಂದು ಗೋಪುರ, ಅದರ ಸುತ್ತ ಚಕ್ರದ ಅರೆಕಾಲುಗಳಂತೆ ಏಳು ಸಾಲು ಕಟ್ಟಡಗಳಿದ್ದವು. ಒಟ್ಟು ಸುಮಾರು ಏಳುನೂರು ಕೋಣೆಗಳು, ಕೋಣೆಗೊಬ್ಬ ಕೈದಿ. ಒಂದು ಸಾಲಿನ ಮುಂಭಾಗ ಇನ್ನೊಂದರ ಹಿಂಭಾಗವನ್ನು ನೋಡುವಂತೆ ಕಟ್ಟಿದ್ದರಿಂದ ಸ್ವಾತಂತ್ರ್ಯ ಹೋರಾಟಗಾರರು ಒಬ್ಬರ ಮುಖವನ್ನೊಬ್ಬರು ನೋಡುವಂತಿರಲಿಲ್ಲ. ಬೇರ್ಪಡಿಸುವ ಗೋಡೆ ಎಂಬ ಅರ್ಥ ಇಲ್ಲಿ ಎಷ್ಟು ಕ್ರೂರವಾಗಿದೆ ನೋಡಿ.

ಬೂಚಿನೊಳಗಿನ ಜೇನುಗೂಡು

ಈ ಪದವನ್ನು ಜೀವವಿಜ್ಞಾನಕ್ಕೆ ತಂದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಅವನು ಬೂಚಿನ ತೆಳುವಾದ ಒಂದು ಚೂರನ್ನು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಜೇನುಗೂಡಿನಂತೆ ಒತ್ತೊತ್ತಾಗಿ ಕುಳಿತ ಪುಟ್ಟ ಕೋಣೆಗಳು ಕಂಡವು. 1665ರಲ್ಲಿ ಪ್ರಕಟವಾದ ‘ಮೈಕ್ರೋಗ್ರಾಫಿಯಾ’ ಗ್ರಂಥದಲ್ಲಿ ಅವುಗಳನ್ನು ಸೆಲ್ ಎಂದು ಕರೆದ. ಒಂದು ಅಂಗುಲದ ಉದ್ದಕ್ಕೆ 1080 ಕೋಣೆಗಳೆಂದು ಎಣಿಸಿ, ಒಂದು ಘನ ಅಂಗುಲದಲ್ಲಿ ಎಷ್ಟಿರಬಹುದೆಂದು ಲೆಕ್ಕವನ್ನೂ ಹಾಕಿದ. ವಿದ್ಯಾರ್ಥಿಗಳೇ, 1080ನ್ನು ಮೂರು ಬಾರಿ ಗುಣಿಸಿ ನೋಡಿ: 125 ಕೋಟಿ 97 ಲಕ್ಷ 12 ಸಾವಿರ!

ಹುಕ್ ಕಂಡದ್ದು ಸತ್ತ ಜೀವಕೋಶಗಳ ಬರಿಯ ಗೋಡೆಗಳನ್ನು. ಕೋಣೆ ಖಾಲಿಯಾಗಿತ್ತು. ಒಳಗಿನ ಜೀವರಸ, ಕೋಶಕೇಂದ್ರಗಳ ಸಂಗತಿ ಅರ್ಥವಾಗಲು ಇನ್ನೂ ಎರಡು ಶತಮಾನ ಹಿಡಿಯಿತು. 1838-39ರಲ್ಲಿ ಜರ್ಮನಿಯ ಶ್ಲೈಡನ್ ಮತ್ತು ಶ್ವಾನ್ ಎಲ್ಲ ಸಸ್ಯಗಳೂ ಪ್ರಾಣಿಗಳೂ ಇಂಥ ಕೋಶಗಳಿಂದಲೇ ಆದವು ಎಂದು ಸಾರಿದರು. ಖಾಲಿ ಕೋಣೆಗೆ ಇಟ್ಟ ಹೆಸರೇ ಜೀವ ತುಂಬಿದ ಘಟಕಕ್ಕೂ ಉಳಿದುಬಂತು.

ನಮ್ಮ ‘ಕೋಶ’ವೂ ಕಡಿಮೆಯೇನಲ್ಲ

ಸೆಲ್ಲಿಗೆ ಕನ್ನಡದಲ್ಲಿ ಕೋಶ ಎನ್ನುತ್ತೇವೆ. ಈ ಕೋಶಕ್ಕೂ ಹಲವು ಮುಖಗಳಿವೆ. ಅರಸರ ಕಾಲದಲ್ಲಿ ಕೋಶವೆಂದರೆ ಬೊಕ್ಕಸ. ಪದಗಳ ಬೊಕ್ಕಸ ಶಬ್ದಕೋಶ. ಶ್ವಾಸಕೋಶ, ಮೂತ್ರಕೋಶ, ಗರ್ಭಕೋಶ ಎನ್ನುವಾಗ ಅದು ಚೀಲದಂಥ ಅಂಗ. “ಶ್ವಾಸಕೋಶ ಅಂದರೆ ಒಂದೇ ಜೀವಕೋಶವೇ ಸಾರ್?” ಎಂದು ಮಗು ಕೇಳಿದರೆ ನಗಬೇಡಿ; ಅದು ಬುದ್ಧಿವಂತ ಪ್ರಶ್ನೆ. ಶ್ವಾಸಕೋಶ ಒಂದು ಅಂಗ, ಅದರೊಳಗೆ ಕೋಟಿ ಕೋಟಿ ಜೀವಕೋಶಗಳು. ಇನ್ನು ರಕ್ತಕ್ಕೆ ಬಂದರೆ ನಾವು ಕೋಶವನ್ನು ಬಿಟ್ಟು ‘ರಕ್ತಕಣ’ ಎನ್ನುತ್ತೇವೆ. ಅದೂ ಜೀವಕೋಶವೇ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು.

ಸೆಲ್ಲು ಮತ್ತು ಬ್ಯಾಟ್ರಿ

ನಮ್ಮ ಹಳ್ಳಿಗಳಲ್ಲಿ ಟಾರ್ಚನ್ನೇ ‘ಬ್ಯಾಟ್ರಿ’ ಎನ್ನುತ್ತಾರೆ, ಅದರೊಳಗೆ ಹಾಕುವುದನ್ನು ‘ಸೆಲ್ಲು’ ಎನ್ನುತ್ತಾರೆ. ಪೇಟೆಯವರು ನಗಬಹುದು. ಆದರೆ ವಿಜ್ಞಾನದ ಮಾತು ಹಳ್ಳಿಯವರಿಗೆ ಹತ್ತಿರವಾಗಿದೆ. ರಾಸಾಯನಿಕ ಶಕ್ತಿಯನ್ನು ವಿದ್ಯುತ್ತಾಗಿಸುವ ಒಂದು ಪ್ರತ್ಯೇಕ ಘಟಕ ಸೆಲ್. ಅಂಥ ಹಲವು ಸೆಲ್‌ಗಳನ್ನು ಜೋಡಿಸಿದರೆ ಬ್ಯಾಟರಿ. 1.5 ವೋಲ್ಟಿನ ಎರಡು ಸೆಲ್‌ಗಳನ್ನು ಒಂದರ ಹಿಂದೊಂದು ಹಾಕಿದಾಗ 3 ವೋಲ್ಟ್. ನೀರು ಹಾಕುವ ಹಳೆಯ ಮಾದರಿಯ ಕಾರಿನ ಬ್ಯಾಟರಿಯ ಮೇಲೆ ಆರು ಮುಚ್ಚಳಗಳಿರುವುದನ್ನು ಗಮನಿಸಿದ್ದೀರಾ? ಒಳಗೆ ಆರು ಕೋಣೆ, ಕೋಣೆಗೆ ಸುಮಾರು 2 ವೋಲ್ಟ್, ಒಟ್ಟು 12.

ಪೋಷಕರಿಗೆ ಇಲ್ಲೊಂದು ಎಚ್ಚರಿಕೆ. ಗಡಿಯಾರ, ಆಟಿಕೆ, ರಿಮೋಟುಗಳಲ್ಲಿ ಗುಂಡಿಯಾಕಾರದ ಸೆಲ್‌ಗಳಿರುತ್ತವೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ವಿದ್ಯುತ್ ಹರಿದು ಅಲ್ಲಿ ಕ್ಷಾರ ಉಂಟಾಗಿ, ಎರಡೇ ಗಂಟೆಯಲ್ಲಿ ತೀವ್ರವಾಗಿ ಸುಡಬಹುದು. ‘ಮುಗಿದ’ ಸೆಲ್ಲೂ ಅಪಾಯಕಾರಿ. ನುಂಗಿದ ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಓಡಿ.

ಜೇಬಿನಲ್ಲಿರುವ ಸೆಲ್

ಸೆಲ್‌ಫೋನಿನ ಹೆಸರು ಅದರೊಳಗಿನ ಬ್ಯಾಟರಿಯಿಂದ ಬಂದದ್ದೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರುಗಳು ಊರನ್ನು ಜೇನುಗೂಡಿನಂತೆ ಆರು ಮೂಲೆಯ ಚಿಕ್ಕ ವಲಯಗಳಾಗಿ ಹಂಚುವ ಯೋಜನೆ ಮಾಡಿದರು. ಒಂದೊಂದು ವಲಯವೂ ಒಂದು ಸೆಲ್. ದೂರದ ಎರಡು ವಲಯಗಳಲ್ಲಿ ಒಂದೇ ಆವರ್ತಾಂಕವನ್ನು ಬಳಸಬಹುದಾದ್ದರಿಂದ ಸಾವಿರಾರು ಜನ ಒಟ್ಟಿಗೆ ಮಾತನಾಡಲು ಸಾಧ್ಯ. ನೀವು ಬೆಂಗಳೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಮಾತನಾಡುತ್ತಾ ಹೋಗುವಾಗ ಒಂದು ಸೆಲ್ಲು ನಿಮ್ಮ ಕರೆಯನ್ನು ಮುಂದಿನದಕ್ಕೆ ಒಪ್ಪಿಸುತ್ತಾ ಹೋಗುತ್ತದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತ ಮತ್ತು ದೆಹಲಿಗಳ ನಡುವೆ.

ಈಗ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಸೆರೆಮನೆಯ ಕೋಣೆ, ಜೀವಕೋಶ, ವಿದ್ಯುತ್ಕೋಶ, ಫೋನಿನ ವಲಯ, ಕಂಪ್ಯೂಟರಿನ ಕೋಷ್ಟಕದ ಒಂದು ಮನೆ, ದೊಡ್ಡ ಸಂಸ್ಥೆಯೊಳಗೆ ಒಂದೇ ಕೆಲಸಕ್ಕೆ ಮೀಸಲಾದ ವಿಭಾಗ. ಎಲ್ಲೆಲ್ಲೂ ಒಂದು ಎಲ್ಲೆ, ಅದರೊಳಗೆ ತನ್ನದೇ ಕೆಲಸ. ಸಾಮಾನ್ಯವಾಗಿ ಅಂಥವೇ ಹಲವು ಅಕ್ಕಪಕ್ಕದಲ್ಲಿ. ಇದೊಂದು ಚಿತ್ರ ಮನಸ್ಸಿನಲ್ಲಿ ನಿಂತರೆ ಆರು ಅರ್ಥಗಳನ್ನು ಉರು ಹೊಡೆಯಬೇಕಿಲ್ಲ.

ಮಕ್ಕಳೇ, ಹೊಸ ಇಂಗ್ಲಿಷ್ ಪದ ಎದುರಾದಾಗ ನಿಘಂಟಿನ ಮೊದಲ ಅರ್ಥಕ್ಕೇ ನಿಲ್ಲಬೇಡಿ. ಪದದ ಹಿಂದೆ ಮುಂದೆ ಇರುವ ಮಾತುಗಳನ್ನು ಓದಿ, ಇದು ಯಾವ ಪಾಠದ ಮಾತು ಎಂದು ಕೇಳಿಕೊಳ್ಳಿ, ಕನ್ನಡದ ಪದವನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಈ ಭಾನುವಾರ ‘ಪ್ಲಾಂಟ್’, ‘ಚಾರ್ಜ್’, ‘ಮೋಲ್’ ಎಂಬ ಮೂರು ಪದಗಳನ್ನು ಹಿಡಿದು ಅಪ್ಪ ಅಮ್ಮನೊಡನೆ ಕುಳಿತು ಹುಡುಕಿ. ಒಂದೊಂದರಲ್ಲೂ ಎಷ್ಟು ಕೋಣೆಗಳಿವೆ ಎಂದು ನಿಮಗೇ ಆಶ್ಚರ್ಯವಾದೀತು.