ಗುದ್ದಲಿಗೆ ತಾಗಿದ ಬೆಳ್ಳಿ

ಕೊಕ್ಕಡದ ಅಡಕೆ ತೋಟವೊಂದರಲ್ಲಿ ಮಣ್ಣು ಅಗೆಯುವಾಗ ಗುದ್ದಲಿಗೆ ಬೆಳ್ಳಿಯ ಬಿಲ್ಲೆಯೊಂದು ತಾಗಿತೆಂದು ಭಾವಿಸೋಣ. ತೆಳ್ಳನೆಯ ಅಗಲವಾದ ನಾಣ್ಯ. ಒಂದು ಮಗ್ಗುಲಲ್ಲಿ ಮೆಟ್ಟಿಲುಗಳ ಮೇಲೆ ನಿಂತ ಶಿಲುಬೆ, ಇನ್ನೊಂದರಲ್ಲಿ ಸಾಲುಸಾಲಾಗಿ ಕೊರೆದ ಅಕ್ಷರಗಳು. ಇದು ಬೈಜಾಂಟೈನ್ ಸಾಮ್ರಾಜ್ಯದ ‘ಮಿಲಿಯರೀಸಿಯನ್’. 8ನೆಯ ಶತಮಾನದಲ್ಲಿ ಮೂರನೆಯ ಲಿಯೋ ಚಕ್ರವರ್ತಿ ಅಚ್ಚು ಹಾಕಿಸತೊಡಗಿದ ಈ ನಾಣ್ಯವೆಂದರೆ ಸಂಗ್ರಾಹಕರಿಗೆ ಬಲು ಪ್ರೀತಿ. ಆದರೆ ಇದು ತುಳುನಾಡಿಗೆ ಬಂದುದಾದರೂ ಹೇಗೆ?

ಕಡಲದಾರಿ ಇದ್ದುದೇನೋ ದಿಟ. 6ನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಮೆಣಸಿನ ರೇವುಗಳಲ್ಲಿ ‘ಮಂಗರೂತ್’ ಎಂಬುದನ್ನು ಹೆಸರಿಸುತ್ತಾನೆ. ಅದು ನಮ್ಮ ಮಂಗಳೂರೆಂದು ವಿದ್ವಾಂಸರ ಮತ. ಅವನು ಹೇಳುವ ಕಥೆಯೊಂದು ಸೊಗಸಾಗಿದೆ. ಯಾರ ದೊರೆ ದೊಡ್ಡವನೆಂದು ಸಿಂಹಳದ ಅರಸನು ಕೇಳಿದಾಗ, ಸೋಪಾತ್ರಸ್ ಎಂಬ ವರ್ತಕನು ಇಬ್ಬರು ದೊರೆಗಳ ನಾಣ್ಯಗಳನ್ನೂ ಹೋಲಿಸಿ ನೋಡೆಂದನಂತೆ. ಪಾರಸಿಕನದು ಬೆಳ್ಳಿ, ರೋಮನದು ಹೊನ್ನು. ಗೆದ್ದುದು ಹೊನ್ನು!

ನಮ್ಮ ನೆಲದ ಸಾಕ್ಷ್ಯವೂ ಹಾಗೆಯೇ ಇದೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ದೊರೆತ 163 ಬೆಳ್ಳಿ ನಾಣ್ಯಗಳು ಹಳೆಯ ರೋಮಿನವು. ಹಾನಗಲ್ಲಿನ ಬಳಿಯ ಅಕ್ಕಿಆಲೂರಿನಲ್ಲಿ ದೊರೆತ ಬೈಜಾಂಟೈನ್ ನಾಣ್ಯಗಳಾದರೋ ಚಿನ್ನದವು. ಭಾರತದಲ್ಲಿ ಸಿಕ್ಕ ಇಂತಹ ಹಲವು ಹೊನ್ನುಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಜೋಡಿ ತೂತುಗಳಿವೆ. ನಮ್ಮವರು ಒಡವೆಯಾಗಿ ಧರಿಸಿದ ಗುರುತು ಅದು. 7ನೆಯ ಶತಮಾನದ ನಡುವೆ ಈಜಿಪ್ಟ್ ಅರಬ್ಬರ ವಶವಾಗಿ, ಕೆಂಗಡಲಿನ ಬಾಗಿಲು ಬೈಜಾಂಟಿಯಮ್ಮಿಗೆ ಮುಚ್ಚಿತು. ಮಿಲಿಯರೀಸಿಯನ್ ಹುಟ್ಟಿದ್ದು ಆ ಬಾಗಿಲು ಮುಚ್ಚಿದ ಮೇಲೆ. ಮುಂದೆ ತುಳುನಾಡಿನಲ್ಲಿ ಮೆರೆದುದು ಜೋಡಿ ಮೀನುಗಳ ಆಳುಪರ ಹೊನ್ನು.

ಆದುದರಿಂದ, ಅಂತಹ ಬೆಳ್ಳಿಯನ್ನು ‘ಇಲ್ಲಿಯೇ ಸಿಕ್ಕಿತು’ ಎಂದು ಯಾರಾದರೂ ಮಾರಲು ಬಂದರೆ, ಹಣ ಎಣಿಸುವ ಮುನ್ನ ಇದನ್ನೆಲ್ಲ ನೆನೆಯಿರಿ. ನಿಜವಾಗಿಯೂ ಮಣ್ಣಿನಲ್ಲಿಯೇ ಸಿಕ್ಕಿತೆ? ಹುಣಿಸೆಹುಳಿ ಹಚ್ಚಿ ತಿಕ್ಕಬೇಡಿ, ಅಕ್ಕಸಾಲಿಗನಲ್ಲಿಗೆ ಒಯ್ಯಬೇಡಿ. ಸಿಕ್ಕ ಜಾಗ, ಆಳ, ಜೊತೆಗಿದ್ದ ಮಡಕೆಯ ಚೂರು ಎಲ್ಲವನ್ನೂ ಗುರುತು ಹಾಕಿಕೊಂಡು ಜಿಲ್ಲಾಧಿಕಾರಿಗಳಿಗೆ ತಿಳಿಸಿ. ಕಾನೂನಿನ ಕಟ್ಟಳೆಯೂ ಅದೇ. ಹಳೆಯ ವಸ್ತುಗಳನ್ನು ಜೋಪಾನವಾಗಿ ಕಾಯುವುದು ಎಂತಹ ಕೆಲಸವೆಂದು ನೋಡಲು ದೂರ ಹೋಗಬೇಕಿಲ್ಲ. ನೆರೆಯ ಧರ್ಮಸ್ಥಳದಲ್ಲಿಯೇ ಮಂಜೂಷಾ ವಸ್ತುಸಂಗ್ರಹಾಲಯವಿದೆ.

ಕೊಕ್ಕಡದ ಮಣ್ಣಿನಿಂದ ಅಂತಹ ಒಂದೇ ಒಂದು ಬಿಲ್ಲೆ ಎದ್ದುಬಂದರೂ ನಾವು ಕಲಿತ ಚರಿತ್ರೆಯನ್ನು ತಿದ್ದಬೇಕಾದೀತು. ಆದರೆ ಅದು ಎಲ್ಲಿ ಸಿಕ್ಕಿತೆಂಬುದು ಮರೆತುಹೋದರೆ, ಉಳಿಯುವುದು ಒಂದು ಚೂರು ಬೆಳ್ಳಿ ಮಾತ್ರ.