‘ಟ್ಯಾಂಕ್’ ಪದದ ಸ್ಪ್ಯಾನಿಷ್ ಅನುವಾದ: ಅರಸೀಕೆರೆ, ಬೇಲೂರು, ಹಳೇಬೀಡುಗಳ ನೆಲೆಯಿಂದ

ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ (1902) ಹಾಸನ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಶಾಸನಗಳು, ಅವುಗಳೊಡನೆ ಹಳೇಬೀಡಿನವೂ, ಹೊರಜಗತ್ತಿಗೆ ಬಹುಮಟ್ಟಿಗೆ ಈ ಸಂಪುಟದ ಇಂಗ್ಲಿಷಿನ ಮೂಲಕವೇ ಪರಿಚಿತ. ಮೂಲದ ‘ಕೆರೆ’ ಅಲ್ಲಿ ಸಾಮಾನ್ಯವಾಗಿ ‘ಟ್ಯಾಂಕ್’ ಆಗಿದೆ. ಈ ಇಂಗ್ಲಿಷನ್ನು ಸ್ಪ್ಯಾನಿಷಿಗೆ ತರುವವರು ಎದುರಿಸುವ ತೊಡಕನ್ನು ಪ್ರಸ್ತುತ ಲೇಖನವು ವಿವರಿಸುತ್ತದೆ.

ಭಾರತೀಯ ಇಂಗ್ಲಿಷಿನ ‘ಟ್ಯಾಂಕ್’ ಒಂದೇ ಪದವಾದರೂ ಅದರ ನಿರ್ದೇಶಿತಗಳು ಹಲವು. ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ, ತೂಬಿನಿಂದ ಗದ್ದೆಗೆ ನೀರು ಬಿಡುವ ಕೆರೆ. ಬೇಲೂರಿನ ಚೆನ್ನಕೇಶವ ದೇವಾಲಯದ ಆವರಣದಲ್ಲಿರುವಂಥ ಪುಷ್ಕರಣಿ. ಹಳೇಬೀಡಿಗೆ ಸಮೀಪದ ಹುಲಿಕೆರೆಯ ಮೆಟ್ಟಿಲುಗಳ ಕಲ್ಯಾಣಿ. ಮನೆಯ ಮೇಲಿನ ನೀರಿನ ತೊಟ್ಟಿ. ಇವೆಲ್ಲವೂ ಅದರೊಳಗೆ ಸಲ್ಲುತ್ತವೆ. (ಊರ ಹೆಸರಿನಲ್ಲಿ ಕೆರೆಯಿದ್ದರೂ ಪ್ರವಾಸಿಗರು ಹುಲಿಕೆರೆಗೆ ಹೋಗುವುದು ಕಲ್ಯಾಣಿಯನ್ನು ನೋಡಲು.) ಯುದ್ಧವಾಹನದ ಅರ್ಥ ಬಹಳ ಈಚಿನದು. ಬ್ರಿಟಿಷರು ಹೊಸ ವಾಹನದ ಗುಟ್ಟು ಕಾಯಲು ಅದನ್ನು ನೀರಿನ ತೊಟ್ಟಿಯ ಹೆಸರಿನಿಂದ ಕರೆದರು. 1916ರ ಸೆಪ್ಟೆಂಬರಿನಲ್ಲಿ ಸೋಮ್ ಕಾಳಗದಲ್ಲಿ ಅದು ಮೊದಲು ಬಳಕೆಗೆ ಬಂದಿತು.

ಸ್ಪ್ಯಾನಿಷ್ ಈ ಅರ್ಥಗಳನ್ನು ಒಂದೇ ಪದದಲ್ಲಿ ಹಿಡಿಯುವುದಿಲ್ಲ. ಯುದ್ಧವಾಹನಕ್ಕೆ ‘ತಾಂಕೆ’, ನೀರಿನ ತೊಟ್ಟಿಗೆ ‘ದೆಪೋಸಿತೊ’ ಅಥವಾ ‘ತಾಂಕೆ’, ಮಳೆನೀರು ಕೂಡಿಡುವ ನೆಲದಡಿಯ ತೊಟ್ಟಿಗೆ ಅರಬ್ಬಿ ಮೂಲದ ‘ಅಲ್ಖಿಬೆ’, ಉದ್ಯಾನದ ಅಥವಾ ಕಟ್ಟಿದ ದಡದ ಕೊಳಕ್ಕೆ ‘ಎಸ್ತಾಂಕೆ’, ಕಣಿವೆಗೆ ಅಡ್ಡಗಟ್ಟೆ ಕಟ್ಟಿ ನಿಲ್ಲಿಸಿದ ಜಲಾಶಯಕ್ಕೆ ‘ಎಂಬಾಲ್ಸೆ’. ಇಂಗ್ಲಿಷ್ ಮೌನವಾಗಿ ದಾಟಿಸಿದ ಭೇದವನ್ನು ಸ್ಪ್ಯಾನಿಷ್ ಅನುವಾದಕ ಪ್ರತಿ ಸಲವೂ ತೀರ್ಮಾನಿಸಲೇಬೇಕು.

ಇಲ್ಲಿ ನಿರುಕ್ತವು ದಾರಿ ತಪ್ಪಿಸುತ್ತದೆ. ‘ಟ್ಯಾಂಕ್’ ಪದದ ಮೂಲವಾಗಿ ಪೋರ್ಚುಗೀಸಿನ ‘ತಾಂಕೆ’ಯನ್ನೂ, ಗುಜರಾತಿ–ರಾಜಸ್ಥಾನಿ ಭಾಷೆಗಳ ‘ಟಾಂಕಾ’ದಂತಹ ರೂಪಗಳನ್ನೂ ಹೇಳುವುದುಂಟು. ಈ ಎರಡು ಬಗೆಯ ಹೇಳಿಕೆಗಳೂ ಹಾಬ್ಸನ್–ಜಾಬ್ಸನ್ ಕೋಶದ (1886) ಚರ್ಚೆಯಲ್ಲಿ ಸಿಗುತ್ತವೆ. ಪೋರ್ಚುಗೀಸ್ ಪದಕ್ಕೆ ಸ್ಪ್ಯಾನಿಷಿನ ‘ಎಸ್ತಾಂಕೆ’ ಬಂಧುವಾದುದರಿಂದ, ಕೆರೆಗೆ ‘ಎಸ್ತಾಂಕೆ’ ಎಂದುಬಿಡುವುದು ಸುಲಭ. ಕಲ್ಯಾಣಿ, ಪುಷ್ಕರಣಿಗಳಿಗೆ ಅದು ತಕ್ಕಮಟ್ಟಿಗೆ ಒಪ್ಪುತ್ತದೆ. ಕೆರೆಗೆ ಒಪ್ಪುವುದಿಲ್ಲವೆಂಬುದು ನನ್ನ ಅಭಿಪ್ರಾಯ: ಉದ್ಯಾನದ ಕೊಳಕ್ಕೆ ಅಚ್ಚುಕಟ್ಟು ಇರುವುದಿಲ್ಲ.

ದಾನಶಾಸನಗಳಲ್ಲಿ ಮತ್ತೆಮತ್ತೆ ಬರುವ ‘ಕೆರೆಯ ಕೆಳಗಣ ಗದ್ದೆ’ ಎಂಬ ಬಗೆಯ ಪ್ರಯೋಗವನ್ನು ಗಮನಿಸಿ. ಇಲ್ಲಿ ‘ಕೆಳಗೆ’ ಎಂಬುದು ಬರಿಯ ಸ್ಥಾನಸೂಚಕವಲ್ಲ. ಏರಿಯ ಆಚೆ, ತೂಬಿನ ನೀರು ಹರಿಯುವ ಭೂಮಿ ಎಂಬ ನೀರಾವರಿ ಸಂಬಂಧವನ್ನು ಅದು ಹೇಳುತ್ತದೆ. ಇಂಗ್ಲಿಷಿನ ಮೂಲಕ ಬಂದ ಅನುವಾದಕ ‘ದೆಬಾಹೊ ದೆಲ್ ಎಸ್ತಾಂಕೆ’ ಎಂದು ಬರೆದರೆ, ಗದ್ದೆ ಕೊಳದ ತಳದಲ್ಲಿದೆ ಎಂಬ ಅರ್ಥ ಬರುತ್ತದೆ. ‘ಕೆರೆಯ ನೀರಿನಿಂದ ಬೆಳೆಯುವ ಗದ್ದೆ’ ಎಂಬ ಅರ್ಥದ ವಿವರಣೆಯೇ ಸರಿಯಾದ ಅನುವಾದ. ದಾನದ ಮೌಲ್ಯ ನೀರಿನ ಹಕ್ಕಿನಲ್ಲಿದೆ. ಅದು ಬಿಟ್ಟುಹೋದರೆ ಶಾಸನದ ಆರ್ಥಿಕ ತಿರುಳೇ ಬಿಟ್ಟುಹೋದಂತೆ.

ಹಾಗಾದರೆ ‘ಎಂಬಾಲ್ಸೆ’ಯೇ? ರಚನೆಯ ದೃಷ್ಟಿಯಿಂದ ಅದು ಕೆರೆಗೆ ಹೆಚ್ಚು ಹತ್ತಿರ. ಆದರೆ ಇಂದಿನ ಓದುಗನಿಗೆ ಅದು ಕಾಂಕ್ರೀಟಿನ ದೊಡ್ಡ ಅಣೆಕಟ್ಟನ್ನು ನೆನಪಿಸುವ ಸಂಭವವಿದೆ. ‘ಮಣ್ಣಿನ ಏರಿಯ’ ಎಂಬ ವಿಶೇಷಣವನ್ನು ಮೊದಲ ಪ್ರಯೋಗದಲ್ಲಿ ಸೇರಿಸಿ, ಮುಂದೆ ‘ಕೆರೆ’ ಎಂಬ ಪದವನ್ನೇ ಉಳಿಸಿಕೊಳ್ಳುವುದು ಲೇಸು.

ಸ್ಥಳನಾಮಗಳ ವಿಚಾರ ಬೇರೆ. ‘ಅರಸಿಯ ಕೆರೆ’ ಅರಸೀಕೆರೆಯಾದ ಮೇಲೆ ಅದು ಅಂಕಿತನಾಮ, ಅನುವಾದಿಸುವಂತಿಲ್ಲ. ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರದಲ್ಲಿ ಇನ್ನೊಂದು ಬಲೆಯಿದೆ: ಅಲ್ಲಿನ ‘ಸಮುದ್ರ’ ಕಡಲಲ್ಲ, ಕೆರೆ. ಇಂಗ್ಲಿಷ್ ಪಾಠವೊಂದನ್ನೇ ನೆಚ್ಚಿದವರಿಗೆ ಈ ಹೆಸರಿನಲ್ಲಿ ‘ಟ್ಯಾಂಕ್’ ಅಡಗಿರುವುದೇ ಕಾಣದು.